ಮುಪ್ಪಿನ ಜೋಡಿ ನಕ್ಷತ್ರಗಳ ಸುತ್ತಣ ದೂಳುತಟ್ಟೆಗಳು

ಆಯುಸ್ಸಿನ ಕೊನೆಗೆ ಬಂದ ಒಂದು ನಕ್ಷತ್ರವನ್ನೂ ಅದರ ಸಂಗಾತಿಯನ್ನೂ ಒಟ್ಟಿಗೆ ಬಳಸಿ ಸುತ್ತುವ, ಅನಿಲ ಮತ್ತು ದೂಳಿನ ಚಪ್ಪಟೆ ವಲಯಗಳಿಗೆ ಈ ಹೆಸರು. ಹುಟ್ಟುವ ನಕ್ಷತ್ರದ ಸುತ್ತ ಇಂಥ ತಟ್ಟೆ ಇರುತ್ತದೆ, ಗ್ರಹಗಳು ಅದರಲ್ಲೇ ಮೂಡುತ್ತವೆ ಎಂಬುದು ಶಾಲೆಯ ಪುಸ್ತಕದಲ್ಲೂ ಇದೆ. ಸಾಯುವ ನಕ್ಷತ್ರದ ಸುತ್ತಲೂ ಹೆಚ್ಚುಕಡಿಮೆ ಅದೇ ಬಗೆಯ ತಟ್ಟೆ ಇರಬಲ್ಲದು ಎಂಬುದು ಖಚಿತವಾದದ್ದು ಮಾತ್ರ ಕಳೆದ ನಾಲ್ಕು ದಶಕಗಳಲ್ಲಿ. 2022ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ನಮ್ಮ ಆಕಾಶಗಂಗೆಯ ಇಂಥ 85 ಜೋಡಿಗಳಿವೆ. ಅವುಗಳಲ್ಲಿ ಒಂದೆರಡು ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಂಥ ಕತ್ತಲ ಊರಿನಿಂದ ಬರಿಗಣ್ಣಿಗೇ ಎಟುಕುವಷ್ಟು ಪ್ರಕಾಶವುಳ್ಳವು. ಇವುಗಳ ರಾಸಾಯನಿಕ ಗುಟ್ಟನ್ನು ಬಿಡಿಸಿದವರ ಸಾಲಿನಲ್ಲಿ ಬೆಂಗಳೂರಿನ ಖಗೋಳ ವಿಜ್ಞಾನಿಗಳೂ ಇದ್ದಾರೆ.

ಒಂಟಿ ನಕ್ಷತ್ರದ ಸಾವು ಹೇಗೆ ಎಂಬುದನ್ನು ಮೊದಲು ನೋಡಬೇಕು. ಸೂರ್ಯನಷ್ಟರಿಂದ ಹಿಡಿದು ಅದರ ಎಂಟು ಪಟ್ಟಿನವರೆಗೆ ರಾಶಿಯಿರುವ ನಕ್ಷತ್ರ, ಒಡಲಿನ ಇಂಧನ ತೀರುತ್ತ ಬಂದಂತೆ ಉಬ್ಬಿ ಕೆಂಪು ದೈತ್ಯನಾಗುತ್ತದೆ. ಕೊನೆಯ ಉಬ್ಬರದಲ್ಲಿ ಅದರ ಹೊರಪದರ ಸೆಕೆಂಡಿಗೆ 10-20 ಕಿ.ಮೀ. ವೇಗದ ನಿಧಾನಗಾಳಿಯಾಗಿ ಬೀಸಿಹೋಗುತ್ತದೆ. ದೂರ ಸರಿದು ತಣಿದ ಆ ಅನಿಲದಲ್ಲಿ ಸಿಲಿಕೇಟ್ ಅಥವಾ ಇಂಗಾಲದ ಕಣಗಳು ಹೆಪ್ಪುಗಟ್ಟುತ್ತವೆ. ದೂಳು ಎನ್ನುವುದು ಇವನ್ನೇ. ಹೊರಪದರ ಬಹುಪಾಲು ಖಾಲಿಯಾದ ಮೇಲೆ ಗಾಳಿ ನಿಲ್ಲುತ್ತದೆ, ನಕ್ಷತ್ರ ಕುಗ್ಗುತ್ತ ಬಿಸಿಯೇರುತ್ತದೆ. ಕೆಲವು ಸಾವಿರ ವರ್ಷಗಳ ಈ ನಡುಗಾಲದಲ್ಲಿ ಹಿಂದೆ ಉಗುಳಿದ ದೂಳು ದೂರ ಹೋಗುತ್ತಲೇ ತಣ್ಣಗಾಗುತ್ತಿರುತ್ತದೆ. ಮುಂದೆ ನಕ್ಷತ್ರದ ನೇರಳಾತೀತ ಕಿರಣಗಳು ಆ ಅನಿಲವನ್ನು ಬೆಳಗಿಸಿದರೆ ಅದು ಗ್ರಹೀಯ ನೀಹಾರಿಕೆ. ನಡುವೆ ಉಳಿಯುವುದು ಶ್ವೇತಕುಬ್ಜ. ಸೂರ್ಯನಿಗೂ ಇನ್ನು ಸುಮಾರು 500 ಕೋಟಿ ವರ್ಷಗಳ ಮೇಲೆ ಇಂಥದೇ ಗತಿ.

ಈ ಲೆಕ್ಕದ ಪ್ರಕಾರ ನಡುಗಾಲದ ನಕ್ಷತ್ರದ ಬಳಿ ಬಿಸಿ ದೂಳು ಇರಕೂಡದು. ಆದರೆ ಇತ್ತು. ಅಮೆರಿಕದ ರಾಬರ್ಟ್ ಗೆರ್ಜ್ 1972ರಲ್ಲಿ ಆರ್‌ವಿ ಟೌರಿ ವರ್ಗದ, ಬೆಳಕು ಏರಿಳಿಯುವ ಚಂಚಲ ನಕ್ಷತ್ರಗಳನ್ನು ಅವಕೆಂಪು ಬೆಳಕಿನಲ್ಲಿ ಅಳೆದಾಗ, ಅವುಗಳಲ್ಲಿ ಹಲವು ತಮ್ಮ ಮೈಶಾಖಕ್ಕೆ ಮೀರಿದ ಅವಕೆಂಪು ಕಿರಣ ಸೂಸುತ್ತಿದ್ದುದು ಕಂಡಿತು. 1983ರ ಜನವರಿಯಲ್ಲಿ ಹಾರಿದ ಐಆರ್‌ಎಎಸ್ ಉಪಗ್ರಹ, ಹತ್ತು ತಿಂಗಳಲ್ಲಿ ತನ್ನ ದ್ರವ ಹೀಲಿಯಂ ತೀರುವ ಮುನ್ನ ಬಹುತೇಕ ಇಡೀ ಆಕಾಶವನ್ನು ನಾಲ್ಕು ಅವಕೆಂಪು ಪಟ್ಟಿಗಳಲ್ಲಿ ಜಾಲಾಡಿತು. ಅದರ ಅಂಕಿಗಳನ್ನು ನೆಲದ ಮೇಲಿನ ಅಳತೆಗಳೊಂದಿಗೆ ಕೂಡಿಸಿ ನೋಡಿದರೆ, ಕೆಲವು ಮುದಿ ನಕ್ಷತ್ರಗಳ ಪಕ್ಕದಲ್ಲಿ ಸಾವಿರ ಡಿಗ್ರಿಗೂ ಮೀರಿ ಕಾದ ದೂಳು ಇರಲೇಬೇಕಾಗಿತ್ತು. ಗಾಳಿ ನಿಂತಿದೆ, ಹೊಸ ದೂಳು ಹುಟ್ಟುತ್ತಿಲ್ಲ. ಹಳೆಯ ದೂಳು ಮಾತ್ರ ಇನ್ನೂ ಹತ್ತಿರದಲ್ಲೇ ಇದೆ ಎಂದರೆ ಅದು ಎಲ್ಲೋ ಕಟ್ಟುಬಿದ್ದಿದೆ ಎಂದೇ ಅರ್ಥ. ದೂಳು ನಕ್ಷತ್ರದ ಮೇಲೆ ಬೀಳದೆ, ಹಾರಿಯೂ ಹೋಗದೆ ಉಳಿಯಲು ಇರುವ ದಾರಿ ಒಂದೇ: ಕಕ್ಷೆಯಲ್ಲಿ ಸುತ್ತುತ್ತಿರುವುದು. ಅದಕ್ಕೆ ಬೇಕಾದ ಕೋನೀಯ ಸಂವೇಗ ಉಬ್ಬಿದ ಒಂಟಿ ದೈತ್ಯನ ಬಳಿ ಇರುವುದಿಲ್ಲ. ಕೊಡಬಲ್ಲದ್ದು ಜೊತೆಗಾರ ನಕ್ಷತ್ರ.

ಜೊತೆಗಾರನನ್ನು ಕಣ್ಣಿಂದ ಕಾಣುವುದು ಹೆಚ್ಚುಕಡಿಮೆ ಅಸಾಧ್ಯ. ಮುದಿ ನಕ್ಷತ್ರ ಸೂರ್ಯನ ಸಾವಿರಾರು ಪಟ್ಟು ಬೆಳಗುತ್ತಿರುವಾಗ ಪಕ್ಕದ ಸಾಮಾನ್ಯ ನಕ್ಷತ್ರ ಅದರ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಮುದಿ ನಕ್ಷತ್ರದ ರೋಹಿತದ ಗೆರೆಗಳು ಹಿಂದೆ ಮುಂದೆ ಸರಿಯುವುದನ್ನು ವರ್ಷಗಟ್ಟಲೆ ಅಳೆದು ಸಂಗಾತಿಯನ್ನು ಊಹಿಸಬೇಕು. ನಕ್ಷತ್ರ ತಾನೇ ಉಬ್ಬಿ ತಗ್ಗುತ್ತಿದ್ದರೆ ಆ ಚಲನೆಯನ್ನೂ ಲೆಕ್ಕದಿಂದ ಕಳೆಯಬೇಕು. ಇದು ತಾಳ್ಮೆಯ ಕೆಲಸ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಕ್ರಿಸ್ಟೊಫೆಲ್ ವಾಲ್ಕೆನ್ಸ್, ಹ್ಯಾನ್ಸ್ ವಾನ್ ವಿಂಕೆಲ್ ಮತ್ತು ಅವರ ಶಿಷ್ಯರು ಇದನ್ನು ಬಿಡದೆ ಮಾಡಿದರು. ಅವರ ಮುಖ್ಯ ಸಾಧನ ದೈತ್ಯ ದೂರದರ್ಶಕವೇನಲ್ಲ, ಲಾ ಪಾಲ್ಮಾ ದ್ವೀಪದ 1.2 ಮೀಟರಿನ ಮರ್ಕೇಟರ್. ವರ್ಷಕ್ಕೊಮ್ಮೆ ಎರಡು ರಾತ್ರಿ ಸಿಗುವ ದೊಡ್ಡ ದೂರದರ್ಶಕಕ್ಕಿಂತ ಸದಾ ಕೈಗೆ ಸಿಗುವ ಚಿಕ್ಕದು ಇಂಥ ಕೆಲಸಕ್ಕೆ ಮೇಲು. 2018ರ ಹೊತ್ತಿಗೆ 33 ಜೋಡಿಗಳ ಕಕ್ಷೆ ಸಿಕ್ಕಿತ್ತು. ಒಂದು ಸುತ್ತಿಗೆ ಹಿಡಿಯುವ ಕಾಲ ಸುಮಾರು 100ರಿಂದ 3,000 ದಿನ.

ಈ ನಕ್ಷತ್ರಗಳ ಕಥೆಯಲ್ಲಿ ಅತ್ಯಂತ ಸ್ವಾರಸ್ಯದ ಭಾಗ ರಸಾಯನದ್ದು. ದಕ್ಷಿಣ ಆಕಾಶದ ಆಂಟ್ಲಿಯ ಪುಂಜದಲ್ಲಿ ಎಚ್‌ಆರ್ 4049 ಎಂಬ ನಕ್ಷತ್ರವಿದೆ. ಅದರ ರೋಹಿತದಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಸೂರ್ಯನಲ್ಲಿರುವುದರ ಸುಮಾರು 60 ಸಾವಿರದಲ್ಲಿ ಒಂದು ಪಾಲು. ಲೋಹ ಇಷ್ಟು ಕಡಿಮೆಯಿದ್ದರೆ ಖಗೋಳಜ್ಞರು ಸಾಮಾನ್ಯವಾಗಿ ಆ ನಕ್ಷತ್ರವನ್ನು ವಿಶ್ವದ ಮೊದಮೊದಲ ತಲೆಮಾರಿನದೆಂದು ಎಣಿಸುತ್ತಾರೆ. ಕಬ್ಬಿಣ ತಯಾರಾಗುವ ಮೊದಲೇ ಹುಟ್ಟಿದ್ದು ಎಂಬ ತರ್ಕ. ಆದರೆ ಇದೇ ನಕ್ಷತ್ರದಲ್ಲಿ ಇಂಗಾಲ, ಸಾರಜನಕ, ಆಮ್ಲಜನಕ, ಗಂಧಕ ಹೆಚ್ಚುಕಡಿಮೆ ಸೂರ್ಯನಲ್ಲಿರುವಷ್ಟೇ ಇವೆ. ಆದಿಯ ನಕ್ಷತ್ರದಲ್ಲಿ ಗಂಧಕ ಮಾತ್ರ ತುಂಬಿಕೊಂಡಿರಲು ಸಾಧ್ಯವಿಲ್ಲ. ಎಚ್‌ಡಿ 52961 ಎಂಬ ಇನ್ನೊಂದರಲ್ಲಿ ಕಬ್ಬಿಣ ಅಷ್ಟೇ ವಿರಳ, ಸತುವಿನ ಕೊರತೆ ಮಾತ್ರ ಅಷ್ಟಿಲ್ಲ. ಒಡಲ ಕುಲುಮೆಯಲ್ಲಿ ಕಬ್ಬಿಣ ಮತ್ತು ಸತುವನ್ನು ಹೀಗೆ ಬೇರ್ಪಡಿಸುವ ಪರಮಾಣು ಕ್ರಿಯೆ ಯಾವುದೂ ಇಲ್ಲ.

ಯಾವ ಧಾತು ಕಾಣೆಯಾಗಿದೆ, ಯಾವುದು ಉಳಿದಿದೆ ಎಂದು ಪಟ್ಟಿ ಮಾಡಿದಾಗ ಗುಟ್ಟು ಬಯಲಾಯಿತು. ಕಬ್ಬಿಣ, ಕ್ಯಾಲ್ಸಿಯಂ, ಟೈಟಾನಿಯಂ, ಅಲ್ಯೂಮಿನಿಯಂ, ಸ್ಕ್ಯಾಂಡಿಯಂ ಇವೆಲ್ಲ ಬಿಸಿ ಇರುವಾಗಲೇ ಗಟ್ಟಿಯಾಗಿ ದೂಳಾಗುವ ಧಾತುಗಳು. ಗಂಧಕ, ಸತು, ಇಂಗಾಲ ತಡವಾಗಿ ಗಟ್ಟಿಯಾಗುವಂಥವು, ಅನಿಲದಲ್ಲೇ ಉಳಿಯುವಂಥವು. ನಕ್ಷತ್ರದ ಮೈಯಿಂದ ಕಾಣೆಯಾದದ್ದು ಬೇಗ ದೂಳಾಗುವ ಗುಂಪು ಮಾತ್ರ. ಅಂದರೆ ತಟ್ಟೆಯಲ್ಲಿ ದೂಳು ಮತ್ತು ಅನಿಲ ಬೇರೆಯಾಗಿವೆ. ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಗಾಳಿಗೆ ಸರಿದು ಕಾಳು ಕಾಲಬುಡದಲ್ಲಿ ಬೀಳುವಂತೆ, ನಕ್ಷತ್ರದ ಬೆಳಕಿನ ಒತ್ತಡಕ್ಕೆ ದೂಳು ಆಚೆಗೇ ನಿಲ್ಲುತ್ತದೆ, ಅನಿಲ ಒಳಗೆ ಬೀಳುತ್ತದೆ. ಈ ಹೊತ್ತಿಗೆ ಮುದಿ ನಕ್ಷತ್ರದ ಹೊರಪದರ ತೀರ ತೆಳುವಾಗಿರುತ್ತದೆ, ಹೆಚ್ಚೆಂದರೆ ಸೂರ್ಯರಾಶಿಯ ನೂರರಲ್ಲಿ ಒಂದೆರಡು ಪಾಲು. ಅದರ ಮೇಲೆ ಕಬ್ಬಿಣವಿಲ್ಲದ ಅನಿಲ ಬಂದು ಬೀಳುತ್ತಿದ್ದರೆ ಇಡೀ ನಕ್ಷತ್ರವೇ ಕಬ್ಬಿಣವಿಲ್ಲದ್ದೆಂದು ತೋರುತ್ತದೆ. ಹೊರಗೆ ಹೋದ ತನ್ನದೇ ಅನಿಲವನ್ನು ಸೋಸಿ ಮತ್ತೆ ಮೈಮೇಲೆ ಎಳೆದುಕೊಂಡ ನಕ್ಷತ್ರ ಇದು. ದೂಳು-ಅನಿಲ ಬೇರ್ಪಡಿಕೆಯ ಈ ವಿಚಾರ 1990ರ ಆಸುಪಾಸಿನಲ್ಲಿ ಹಲವರ ಕೈಯಲ್ಲಿ ರೂಪಗೊಂಡಿತು. ಅನಿಲ ನಿಧಾನವಾಗಿ ಜಿನುಗಲು ಜೋಡಿಯನ್ನು ಸುತ್ತುವ ತಟ್ಟೆಯೇ ತಕ್ಕ ಜಾಗ ಎಂದು 1992ರಲ್ಲಿ ವಾಟರ್ಸ್, ಟ್ರಾಮ್ಸ್ ಮತ್ತು ವಾಲ್ಕೆನ್ಸ್ ತೋರಿಸಿದರು. ಅಷ್ಟರಲ್ಲಿ ಎಚ್‌ಆರ್ 4049 ಸುಮಾರು 430 ದಿನದ ಕಕ್ಷೆಯ ಜೋಡಿ ಎಂಬುದೂ ಸಿದ್ಧವಾಗಿತ್ತು.

ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಈ ಕಥೆಯೊಳಗೆ ಬರುವುದು ಇಲ್ಲಿ. ಎಚ್‌ಆರ್ 4049ರಂಥವು ಬೆರಳೆಣಿಕೆಯ ವಿಚಿತ್ರಗಳು ಎಂದು ತಳ್ಳಿಹಾಕಬಹುದಿತ್ತು. ಸುನೇತ್ರಾ ಗಿರಿಧರ್, ಎನ್. ಕಾಮೇಶ್ವರ ರಾವ್ ಮತ್ತು ಟೆಕ್ಸಸ್ ವಿಶ್ವವಿದ್ಯಾಲಯದ ಡೇವಿಡ್ ಲ್ಯಾಂಬರ್ಟ್ 1994ರಲ್ಲಿ ಐಡಬ್ಲ್ಯು ಕರೀನೆ ಎಂಬ ಆರ್‌ವಿ ಟೌರಿ ನಕ್ಷತ್ರದ ಧಾತುಪಟ್ಟಿಯನ್ನು ಪ್ರಕಟಿಸಿದರು. ಅಲ್ಲೂ ಅದೇ ಚಹರೆ: ಬೇಗ ಗಟ್ಟಿಯಾಗುವ ಧಾತುಗಳೆಲ್ಲ ಕಡಿಮೆ, ಗಂಧಕ ಮತ್ತು ಸತುವು ಸರಿಯಾಗಿಯೇ ಇವೆ. ಅಲ್ಲಿಂದ ಮುಂದೆ ಗಿರಿಧರ್, ಲ್ಯಾಂಬರ್ಟ್ ಮತ್ತು ಜೊತೆಗಾರರು, ಅವರಲ್ಲಿ ಬೆಂಗಳೂರಿನ ಬಿ.ಇ. ರೆಡ್ಡಿಯವರೂ ಇದ್ದರು, ಒಂದೊಂದೇ ಆರ್‌ವಿ ಟೌರಿ ನಕ್ಷತ್ರವನ್ನು ಎತ್ತಿಕೊಂಡು ಸಾಲುಸಾಲಾಗಿ ಲೇಖನ ಬರೆದರು. 2005ರ ಹೊತ್ತಿಗೆ ಆರನೆಯ ಕಂತು ಬಂದಿತ್ತು. ಬೇರ್ಪಡಿಕೆ ಎಲ್ಲಿ ನಡೆಯುವುದಿಲ್ಲ ಎಂಬುದನ್ನೂ ಅವರು ಗುರುತಿಸಿದ್ದು ಈ ಸರಣಿಯ ತೂಕದ ಮಾತು. ಹುಟ್ಟುವಾಗಲೇ ಲೋಹಾಂಶ ಸೂರ್ಯನ ಹತ್ತನೇ ಒಂದು ಪಾಲಿಗಿಂತ ಕಡಿಮೆಯಿದ್ದ ನಕ್ಷತ್ರಗಳಲ್ಲಿ ಅದು ಕಾಣುವುದಿಲ್ಲ. ದೂಳಾಗಲು ಬೇಕಾದ ಸರಕೇ ಅಲ್ಲಿ ಕಡಿಮೆ. ಮೈಶಾಖ ಸುಮಾರು 5,000 ಡಿಗ್ರಿಗಿಂತ ಕೆಳಗಿದ್ದರೂ ಕಾಣುವುದಿಲ್ಲ. ಅಲ್ಲಿ ಹೊರಪದರ ಆಳದವರೆಗೆ ಕುದಿದು ಕಲಸುತ್ತಿರುವುದರಿಂದ ಬಿದ್ದ ಅನಿಲ ಒಳಗಿನ ಕಬ್ಬಿಣದೊಂದಿಗೆ ಬೆರೆತುಹೋಗುತ್ತದೆ. ಎರಡೂ ಶರತ್ತುಗಳು ಇಂದಿಗೂ ಈ ವಿಷಯದ ಯಾವ ಚರ್ಚೆಯಲ್ಲೂ ಮೊದಲಿಗೇ ಬರುತ್ತವೆ.

ಆರ್‌ವಿ ಟೌರಿ ವರ್ಗದ ಪರಿಚಯ ಇಲ್ಲಿ ಅಗತ್ಯ. ಈ ವರ್ಗಕ್ಕೆ ಹೆಸರು ಕೊಟ್ಟ ನಕ್ಷತ್ರ ವೃಷಭ ರಾಶಿಯದು. ಅದು ಚಂಚಲವೆಂದು 1905ರಲ್ಲಿ ಗುರುತಿಸಿದವರು ಮಾಸ್ಕೋದ ಲಿಡಿಯಾ ಸೆರಾಸ್ಕಿ. ಇವುಗಳ ಬೆಳಕು ಒಮ್ಮೆ ಆಳವಾಗಿ, ಮುಂದಿನ ಬಾರಿ ಮೇಲುಮೇಲೆ, ಹೀಗೆ ಸರದಿಯಲ್ಲಿ ಕುಗ್ಗುತ್ತದೆ. ಒಂದು ಆಳದಿಂದ ಇನ್ನೊಂದು ಆಳಕ್ಕೆ 30ರಿಂದ 150 ದಿನ. ಇದು ನಕ್ಷತ್ರ ಉಬ್ಬಿ ತಗ್ಗುವ ಆಟ. ಆದರೆ ಕೆಲವದರಲ್ಲಿ ಇದರ ಜೊತೆಗೆ ಸರಾಸರಿ ಬೆಳಕೇ ವರ್ಷಗಳ ಅವಧಿಯಲ್ಲಿ ಏರಿಳಿಯುತ್ತದೆ. ಏಕಶೃಂಗಿ ಪುಂಜದ ಯು ಮೊನೊಸೆರೊಟಿಸ್‌ನಲ್ಲಿ ಮೊದಲನೆಯ ಆಟ ಸುಮಾರು 92 ದಿನದ್ದು, ಎರಡನೆಯದು ಆರೂವರೆ-ಏಳು ವರ್ಷದ್ದು. ಆ ಎರಡನೆಯದು ಜೋಡಿಯ ಕಕ್ಷೆಯ ಕಾಲವೇ. ತಟ್ಟೆ ನಮ್ಮ ಕಡೆಗೆ ಓರೆಯಾಗಿದ್ದರೆ, ನಕ್ಷತ್ರ ಕಕ್ಷೆಯ ಒಂದು ಬದಿಗೆ ಬಂದಾಗ ತಟ್ಟೆಯ ಅಂಚಿನ ದೂಳಿನ ಮರೆಗೆ ಸರಿಯುತ್ತದೆ, ಇನ್ನೊಂದು ಬದಿಯಲ್ಲಿ ಹೊರಬರುತ್ತದೆ. ಲಾರಾ ವೆಗಾ ಮತ್ತು ಸಂಗಡಿಗರು 2021ರಲ್ಲಿ ಇದನ್ನು ಬಿಡಿಸಿ ಹೇಳಲು 1880ರ ದಶಕದಿಂದ ಈಚೆಗಿನ ಹಾರ್ವರ್ಡ್ ಛಾಯಾಫಲಕಗಳನ್ನೂ, ಹವ್ಯಾಸಿಗಳು ಕಣ್ಣಂದಾಜಿನಲ್ಲಿ ಬರೆದಿಟ್ಟ ಪ್ರಕಾಶದ ಅಂಕಿಗಳನ್ನೂ ಬಳಸಿದರು.

ಬೆಳಕಿನ ಧ್ರುವೀಕರಣವೂ, ಅಂದರೆ ಅದರ ಕಂಪನ ಒಂದು ದಿಕ್ಕಿಗೆ ಹೆಚ್ಚು ವಾಲಿರುವುದೂ, ತಟ್ಟೆಯನ್ನು ಹಿಡಿದುಕೊಡುತ್ತದೆ. ದೂಳಿಗೆ ತಾಗಿ ಚದರಿದ ಬೆಳಕು ಧ್ರುವೀಕರಣ ಹೊಂದುತ್ತದೆ. ದೂಳು ಎಲ್ಲ ಕಡೆಗೂ ಒಂದೇ ಸಮನೆ ಹರಡಿದ್ದರೆ ಒಟ್ಟು ಪರಿಣಾಮ ಶೂನ್ಯ, ಚಪ್ಪಟೆಯಾಗಿದ್ದರೆ ಶೇಷ ಉಳಿಯುತ್ತದೆ. ತಮಿಳುನಾಡಿನ ಜವ್ವಾದು ಬೆಟ್ಟದ ಕಾವಲೂರು ವೀಕ್ಷಣಾಲಯದಲ್ಲಿ ಎ.ವಿ. ರವೀಂದ್ರನ್ ಮತ್ತು ಕಾಮೇಶ್ವರ ರಾವ್ 1980ರ ದಶಕದಲ್ಲಿ ಎಆರ್ ಪಪ್ಪಿಸ್ ನಕ್ಷತ್ರದ ಧ್ರುವೀಕರಣವನ್ನು ಅಳೆದರು. ಅದು ಅಸಾಮಾನ್ಯವಾಗಿ ಹೆಚ್ಚಿತ್ತು, ಬದಲಾಗುತ್ತಲೂ ಇತ್ತು. 2019ರಲ್ಲಿ ಚಿಲಿಯ ಭಾರಿ ದೂರದರ್ಶಕವೊಂದರ ಚಿತ್ರದಲ್ಲಿ ಆ ನಕ್ಷತ್ರದ ತಟ್ಟೆ ಬಹುತೇಕ ಅಡ್ಡಡ್ಡ ನಿಂತು ನಕ್ಷತ್ರವನ್ನೇ ಮರೆಮಾಡಿರುವುದು ಕಂಡಿತು. 2002ರಲ್ಲಿ ಕಾಮೇಶ್ವರ ರಾವ್, ಅರುಣಾ ಗೋಸ್ವಾಮಿ ಮತ್ತು ಲ್ಯಾಂಬರ್ಟ್ ವಿವರಿಸಿದ ಕ್ಯುವೈ ಸಜಿಟೆ ಕೂಡ ಇದೇ ಬಗೆಯದು: ನಕ್ಷತ್ರ ದೂಳಿನ ಹಿಂದೆ ಅಡಗಿದೆ, ನಮಗೆ ತಲುಪುವುದು ಬೇರೆಡೆ ತಾಗಿ ಪ್ರತಿಫಲಿಸಿದ ಬೆಳಕು.

ತಟ್ಟೆಯನ್ನು ಚಿತ್ರದಲ್ಲಿ ನೋಡಬಯಸುವವರು ಮೊದಲು ನೋಡಬೇಕಾದದ್ದು ಏಕಶೃಂಗಿಯಲ್ಲೇ ಇರುವ ಕೆಂಪು ಆಯತ, ಅಂದರೆ ಎಚ್‌ಡಿ 44179. 1970ರ ದಶಕದ ಆರಂಭದಲ್ಲಿ ರಾಕೆಟ್ಟಿನಲ್ಲಿ ಹಾರಿಸಿದ ಅವಕೆಂಪು ಉಪಕರಣ ಇದನ್ನು ಪತ್ತೆಮಾಡಿತು. ನೆಲದ ದೂರದರ್ಶಕಗಳಲ್ಲಿ ಕೆಂಪಗೆ ಚೌಕಟ್ಟಾಗಿ ಕಂಡಿದ್ದರಿಂದ ಹೆಸರು ಬಂತು. ಹಬಲ್ ಚಿತ್ರದಲ್ಲಿ ಅದು ಆಯತವಲ್ಲ, ಇಂಗ್ಲಿಷಿನ ಎಕ್ಸ್ ಅಕ್ಷರ, ಅದರ ತೋಳುಗಳ ನಡುವೆ ಏಣಿಯ ಮೆಟ್ಟಿಲಿನಂಥ ಅಡ್ಡಗೆರೆಗಳು, ನಟ್ಟನಡುವೆ ಕಪ್ಪು ಪಟ್ಟಿ. ಆ ಕಪ್ಪು ಪಟ್ಟಿಯೇ ಅಂಚಿನ ಕಡೆಯಿಂದ ಕಾಣುವ ತಟ್ಟೆ. ಒಳಗೆ ಸುಮಾರು 320 ದಿನಕ್ಕೊಮ್ಮೆ ಸುತ್ತುವ ಜೋಡಿಯಿದೆ. ಸ್ಪೇನಿನ ವ್ಯಾಲೆಂಟಿನ್ ಬುಹರ್ರಾಬಲ್ ಮತ್ತು ಸಂಗಡಿಗರು ಇಂಗಾಲದ ಮಾನಾಕ್ಸೈಡಿನ ರೇಡಿಯೊ ಗೆರೆಗಳನ್ನು ಹಿಡಿದು, ಈ ತಟ್ಟೆಯ ಒಳಭಾಗ ವೇಗವಾಗಿ, ಹೊರಭಾಗ ನಿಧಾನವಾಗಿ, ಗ್ರಹಗಳು ಪಾಲಿಸುವ ಕೆಪ್ಲರ್ ನಿಯಮದಂತೆಯೇ ಸುತ್ತುತ್ತಿದೆ ಎಂದು 2003-05ರಲ್ಲಿ ತೋರಿಸಿದರು. ಅಲ್ಲಿಯವರೆಗೆ ತಟ್ಟೆ ಎಂಬುದು ಸಮರ್ಥವಾದ ಊಹೆ, ಅನಂತರ ಅಳತೆ.

ಇನ್ನೊಂದು ಹೆಸರಾಂತ ಚಿತ್ರ 2016ರದು. ವೇಲಾ ಪುಂಜದಲ್ಲಿ ಸುಮಾರು 4,000 ಜ್ಯೋತಿರ್ವರ್ಷ ದೂರದ ಐಆರ್‌ಎಎಸ್ 08544-4431 ಎಂಬ ಜೋಡಿಯನ್ನು ಚಿಲಿಯ ಪರಾನಲ್‌ನಲ್ಲಿ ನಾಲ್ಕು ದೂರದರ್ಶಕಗಳ ಬೆಳಕು ಬೆರೆಸಿ ನೋಡಿದಾಗ, 150 ಮೀಟರ್ ವ್ಯಾಸದ ಒಂದೇ ದೂರದರ್ಶಕದಲ್ಲಿ ಸಿಗಬಹುದಾದಷ್ಟು ಸೂಕ್ಷ್ಮ ವಿವರ ಸಿಕ್ಕಿತು. ತಟ್ಟೆಯ ಒಳ ಅಂಚು ಹೊಳೆಯುವ ಬಳೆಯಾಗಿ ಕಂಡಿತು. ಇದಕ್ಕಿಂತ ಒಳಗೆ ಬಂದ ದೂಳು ಶಾಖಕ್ಕೆ ಆವಿಯಾಗುತ್ತದೆ. ಮಿಷೆಲ್ ಹಿಲೆನ್ ಮತ್ತು ಜೊತೆಗಾರರು ನಿರೀಕ್ಷಿಸದೇ ಇದ್ದದ್ದು ಸಂಗಾತಿ ಇರುವ ಜಾಗದ ಮಬ್ಬು ಬೆಳಕು. ದೊಡ್ಡ ತಟ್ಟೆಯೊಳಗೆ ಸಂಗಾತಿಗೆ ತನ್ನದೇ ಪುಟ್ಟ ತಟ್ಟೆಯಿದೆ, ಅದು ಅನಿಲ ನುಂಗುತ್ತ ಎರಡೂ ಕಡೆಗೆ ಚಿಲುಮೆ ಚಿಮ್ಮಿಸುತ್ತದೆ ಎಂಬುದು ಇತರ ಜೋಡಿಗಳ ರೋಹಿತದಿಂದಲೂ ಸ್ಪಷ್ಟವಾಗಿದೆ.

ದೂಳಿನ ಸ್ವಭಾವದ ಬಗ್ಗೆ ಒಂದು ಮಾತು. ನಕ್ಷತ್ರಗಳ ನಡುವಿನ ದೂಳಿನಲ್ಲಿ ಸಿಲಿಕೇಟ್ ಗಾಜಿನಂತೆ ಅಸ್ತವ್ಯಸ್ತ. ಈ ತಟ್ಟೆಗಳಲ್ಲಿ ಮಾತ್ರ, ಯುರೋಪಿನ ಅವಕೆಂಪು ಉಪಗ್ರಹ ಐಎಸ್ಒ 1990ರ ದಶಕದ ಕೊನೆಯಲ್ಲಿ ತೋರಿಸಿದಂತೆ, ಅದು ಸ್ಫಟಿಕವಾಗಿದೆ. ಮುಖ್ಯ ಖನಿಜ ಮೆಗ್ನೀಸಿಯಂ ಹೆಚ್ಚಿರುವ ಆಲಿವಿನ್. ಈರೋಡಿನ ಪಕ್ಕದ ಸೇಲಂ ಜಿಲ್ಲೆಯಲ್ಲಿ ಮ್ಯಾಗ್ನೆಸೈಟ್ ಜೊತೆಗೆ ಅಗೆಯುವ ಡ್ಯೂನೈಟ್ ಶಿಲೆಯ ಬಹುಪಾಲು ಇದೇ ಆಲಿವಿನ್. ಕಣಗಳು ಮಿಲಿಮೀಟರಿನಷ್ಟು ಬೆಳೆದಿರುವ ಸೂಚನೆಯೂ ಇದೆ. ಹೀಗಾಗಲು ದೂಳು ಒಂದೆಡೆ ಬಹುಕಾಲ ನಿಂತಿರಬೇಕು. ಬೀಸಿಹೋಗುವ ಗಾಳಿಯಲ್ಲಿ ಅದು ಆಗದ ಮಾತು.

ಕಣ ಬೆಳೆಯುತ್ತದೆ ಎಂದ ಮೇಲೆ ಗ್ರಹದ ಪ್ರಶ್ನೆ ಬಂದೇ ಬರುತ್ತದೆ. ಜಾಕ್ ಕ್ಲುಸ್ಕಾ ಮತ್ತು ಸಂಗಡಿಗರ 2022ರ ಪಟ್ಟಿಯಲ್ಲಿ ಹತ್ತರಲ್ಲಿ ಒಂದರಷ್ಟು ತಟ್ಟೆಗಳ ನಡುಭಾಗ ದೂಳಿಲ್ಲದೆ ಖಾಲಿ. ಅವುಗಳಲ್ಲೊಂದಾದ ಎಸಿ ಹರ್ಕ್ಯುಲಿಸ್‌ನಲ್ಲಿ ದೂಳು ಆವಿಯಾಗುವ ಗಡಿಗಿಂತ ಎಷ್ಟೋ ಪಟ್ಟು ಆಚೆಗೆ ದೂಳು ಶುರುವಾಗುತ್ತದೆ. ಇಂಥ ತಟ್ಟೆಗಳ ನಕ್ಷತ್ರಗಳಲ್ಲೇ ಕಬ್ಬಿಣದ ಕೊರತೆಯೂ ಹೆಚ್ಚು. ದೊಡ್ಡ ಗ್ರಹವೊಂದು ಅಡ್ಡ ನಿಂತು ದೂಳನ್ನು ತಡೆದು ಅನಿಲವನ್ನಷ್ಟೇ ಬಿಡುತ್ತಿದೆ ಎಂದರೆ ಎರಡೂ ಒಟ್ಟಿಗೆ ಹೊಂದುತ್ತವೆ. ಹಾಗಿದ್ದರೆ ಅವು ನಕ್ಷತ್ರದ ಮುಪ್ಪಿನಲ್ಲಿ ಹುಟ್ಟಿದ ಎರಡನೆಯ ತಲೆಮಾರಿನ ಗ್ರಹಗಳು, ಅಥವಾ ಹಳೆಯ ಗ್ರಹವೇ ಹೊಸ ಅನಿಲ ಉಂಡು ಬೆಳೆದದ್ದು. ವಾದ ಚೆನ್ನಾಗಿದೆ, ಆದರೆ ಇಂಥ ತಟ್ಟೆಯಲ್ಲಿ ಒಂದು ಗ್ರಹವನ್ನಾದರೂ ನೇರ ಕಂಡವರಿಲ್ಲ. ತಟ್ಟೆಯ ಆಯುಸ್ಸು ಕೆಲವು ಸಾವಿರದಿಂದ ಹತ್ತಾರು ಸಾವಿರ ವರ್ಷ, ಹೊಸ ನಕ್ಷತ್ರದ ತಟ್ಟೆಗೆ ಸಿಗುವ ಹತ್ತಾರು ಲಕ್ಷ ವರ್ಷಗಳೆದುರು ತೀರ ಅಲ್ಪ.

ತಟ್ಟೆ ಹುಟ್ಟುವ ಬಗೆ ಇನ್ನೂ ಬಗೆಹರಿದಿಲ್ಲ. ದೈತ್ಯ ಉಬ್ಬಿದಾಗ ಅದರ ಹೊರಪದರ ಸಂಗಾತಿಯ ಗುರುತ್ವಕ್ಕೆ ಸಿಕ್ಕಿ, ಒಂದಷ್ಟು ಅನಿಲ ಜೋಡಿಯಾಚೆಗೆ ಸೋರಿ ಕಕ್ಷೆ ಹಿಡಿಯುತ್ತದೆ ಎಂಬಷ್ಟರಲ್ಲಿ ಒಮ್ಮತವಿದೆ. ತೊಡಕಿರುವುದು ಕಕ್ಷೆಯ ಲೆಕ್ಕದಲ್ಲಿ. ಸಿದ್ಧಾಂತದಂತೆ ಇಂಥ ಒಡನಾಟದ ಬಳಿಕ ಜೋಡಿ ಒಂದೋ ಸುರುಳಿ ಸುತ್ತಿ ಕೆಲವೇ ದಿನಗಳ ಕಕ್ಷೆಗೆ ಇಳಿಯಬೇಕು, ಇಲ್ಲವೇ ದೂರ ಸರಿದು ಹತ್ತು ವರ್ಷಕ್ಕೂ ಮೀರಿದ ಕಕ್ಷೆಗೆ ಹೋಗಬೇಕು. ಕಂಡ 33 ಕಕ್ಷೆಗಳು ಸಿದ್ಧಾಂತ ಖಾಲಿ ಬಿಟ್ಟ ನಡುವಿನ ಜಾಗದಲ್ಲಿ ಕೂತಿವೆ. ಅಷ್ಟು ಹತ್ತಿರದ ದೈತ್ಯನ ಸೆಳೆತಕ್ಕೆ ಕಕ್ಷೆ ವೃತ್ತಾಕಾರವಾಗಬೇಕಿತ್ತು; ಹಲವು ಕಕ್ಷೆಗಳು ಎದ್ದುಕಾಣುವಷ್ಟು ದೀರ್ಘವೃತ್ತ. ಹಿಂದೊಮ್ಮೆ ದೈತ್ಯ ಸಂಗಾತಿಯಿಂದ ಭಾರಧಾತು ಪಡೆದ ಬೇರಿಯಂ ನಕ್ಷತ್ರಗಳದ್ದೂ ಇಂಥದೇ ಕಕ್ಷೆ. ಆದರೆ ಅವುಗಳಲ್ಲಿ ತುಂಬಿರುವ ಭಾರಧಾತುಗಳು ತಟ್ಟೆಯುಳ್ಳ ಹೆಚ್ಚಿನ ಜೋಡಿಗಳಲ್ಲಿ ಇಲ್ಲ. ಸಿಡ್ನಿಯ ಮ್ಯಾಕ್ವೆರಿ ವಿಶ್ವವಿದ್ಯಾಲಯದ ದೇವಿಕಾ ಕಾಮತ್ ಮತ್ತು ಸಂಗಡಿಗರು ನೆರೆಯ ಪುಟ್ಟ ಗೆಲಕ್ಸಿಗಳಾದ ಮೆಗೆಲನ್ ಮೋಡಗಳಲ್ಲಿ ಇಂಥ ತಟ್ಟೆಗಳನ್ನು ಹುಡುಕಿದಾಗ, ಕೆಲವು ನಕ್ಷತ್ರಗಳು ದೈತ್ಯಾವಸ್ಥೆಯ ಮೊದಲ ಉಬ್ಬರದಲ್ಲೇ ಹೊರಪದರ ಕಳೆದುಕೊಂಡವು ಎಂಬುದೂ ತಿಳಿಯಿತು. ಎಲ್ಲವೂ ಒಂದೇ ವಯಸ್ಸಿನ ಮುಪ್ಪಲ್ಲ.

ಕನ್ನಡ ಮಾತಿನ ತಾಳವಾಡಿ ಸೀಮೆ ಈ ನಕ್ಷತ್ರಗಳನ್ನು ನೋಡಲು ಒಳ್ಳೆಯ ಜಾಗ. ದಿಂಬಂ ಘಾಟಿಯ 27 ತಿರುವು ಹತ್ತಿದ ಮೇಲಿನ ಈ ಎತ್ತರದ ಬಯಲಿನ ಸುತ್ತ ಸತ್ಯಮಂಗಲ ಹುಲಿ ಸಂರಕ್ಷಿತ ಅರಣ್ಯ. ದೊಡ್ಡ ನಗರದ ದೀಪ ಹತ್ತಿರವಿಲ್ಲ; 1972ರಲ್ಲಿ ಒಂದು ಮೀಟರಿನ ದೂರದರ್ಶಕವೂ 1986ರಲ್ಲಿ 2.3 ಮೀಟರಿನ ವೇಣು ಬಾಪು ದೂರದರ್ಶಕವೂ ಬಂದ ಕಾವಲೂರು ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 200 ಕಿ.ಮೀ. ಅಕ್ಷಾಂಶ 11.8 ಡಿಗ್ರಿ ಇರುವುದರಿಂದ ದಕ್ಷಿಣದ ಆಕಾಶ ಚೆನ್ನಾಗಿ ತೆರೆದುಕೊಳ್ಳುತ್ತದೆ. ಎಚ್‌ಆರ್ 4049 ಇಲ್ಲಿ ದಿಗಂತದಿಂದ 49 ಡಿಗ್ರಿ ಎತ್ತರಕ್ಕೆ ಏರುತ್ತದೆ. ಅದರ ಬಗ್ಗೆ ಇಷ್ಟೆಲ್ಲ ಬರೆದ ಲ್ಯೂವೆನ್ನಿನಲ್ಲಿ ಬರೀ 10 ಡಿಗ್ರಿ. ಐಆರ್‌ಎಎಸ್ 08544-4431 ಅಲ್ಲಿ ಹುಟ್ಟುವುದೇ ಇಲ್ಲ, ಇಲ್ಲಿ 33 ಡಿಗ್ರಿ ಏರುತ್ತದೆ, ಆದರೆ ದೂರದರ್ಶಕ ಬೇಕು. ಎಚ್‌ಆರ್ 4049 ಏಪ್ರಿಲ್ ಮಧ್ಯದಲ್ಲಿ ರಾತ್ರಿ 9ಕ್ಕೆ ದಕ್ಷಿಣದಲ್ಲಿ ನೆತ್ತಿಗೆರೆ ದಾಟುತ್ತದೆ. ಐದೂವರೆಯ ಆಸುಪಾಸಿನ ಕಾಂತಿಮಾನ (ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು), ಕತ್ತಲಲ್ಲಿ ಒಳ್ಳೆಯ ಕಣ್ಣಿಗೆ ಸಿಗುವಂಥದ್ದು. ಅಷ್ಟೇ ಕಾಂತಿಯ, ಇಂಥದೇ ತಟ್ಟೆಯುಳ್ಳ ಇನ್ನೊಂದು ಜೋಡಿ 89 ಹರ್ಕ್ಯುಲಿಸ್ ಆಗಸ್ಟಿನದು, ಆಗ ಮುಂಗಾರಿನ ಮೋಡ ಬಿಟ್ಟುಕೊಟ್ಟರೆ ಸರಿ.

ಎಲ್ಲಕ್ಕಿಂತ ಸುಲಭ ಯು ಮೊನೊಸೆರೊಟಿಸ್. ಮಾರ್ಚ್ ಮೊದಲ ವಾರ ರಾತ್ರಿ 9ಕ್ಕೆ ಲುಬ್ಧಕದ ಪೂರ್ವಕ್ಕೆ, ಆಲ್ಫಾ ಮೊನೊಸೆರೊಟಿಸ್‌ನಿಂದ ಎರಡೂವರೆ ಡಿಗ್ರಿ ಪಶ್ಚಿಮಕ್ಕೆ ಬೈನಾಕ್ಯುಲರ್ ಹಿಡಿದರೆ ಸಿಗುತ್ತದೆ. ಕಾಂತಿಮಾನ ಐದೂವರೆಯಿಂದ ಏಳೂವರೆಯವರೆಗೆ ಓಡಾಡುತ್ತದೆ. ಇದಕ್ಕೆ ಕಾಡಂಚಿಗೆ ಹೋಗುವುದು ಬೇಡ, ಅದು ಆನೆ ಓಡಾಡುವ ಜಾಗ; ಊರೊಳಗಿನ ಮನೆಯ ಮಾಳಿಗೆಯೇ ಸಾಕು. ಪಕ್ಕದ ನಕ್ಷತ್ರಗಳಿಗೆ ಹೋಲಿಸಿ ವಾರಕ್ಕೊಮ್ಮೆ ಅದರ ಪ್ರಕಾಶವನ್ನು ಅಂದಾಜಿಸಿ ದಿನಾಂಕದೊಂದಿಗೆ ಬರೆದಿಟ್ಟು, ಚಂಚಲ ನಕ್ಷತ್ರ ವೀಕ್ಷಕರ ಅಮೆರಿಕನ್ ಸಂಘಕ್ಕೆ ಕಳುಹಿಸಬಹುದು. 1911ರಲ್ಲಿ ಆರಂಭವಾದ ಆ ಸಂಘ ಯಾವ ದೇಶದ ಹವ್ಯಾಸಿಯಿಂದಲೂ ಅಂಕಿಗಳನ್ನು ಸ್ವೀಕರಿಸುತ್ತದೆ.